ನಂಬರ್ ನಲವತ್ತೊಂದರ ಅಭಿಪ್ರಾಯ

ನಮ್ಮೂರ ಹಾಲಿನ ಡೈರಿಯಲ್ಲಿ ಒಂದು ದೂರು ಪುಸ್ತಕವಿತ್ತು. ಕ್ಯಾಸಂಬಳ್ಳಿಯಿಂದ ಎರಡು ಮೈಲಿ ಒಳಗಿನ ಊರು ನಮ್ಮದು. ಡೈರಿ ಅಂದರೆ ಹೆಂಚು ಹೊದಿಸಿದ ಒಂದೇ ಕೋಣೆ, ಮುಂದೊಂದು ಜಗಲಿ. ಕಿಟಕಿಯ ಪಕ್ಕದ ಮೊಳೆಗೆ ಪುಸ್ತಕವನ್ನು ದಾರ ಕಟ್ಟಿ ನೇತುಹಾಕಿದ್ದರು. ಅದರ ಜೊತೆಗೆ ಒಂದು ಮೋಟು ಪೆನ್ಸಿಲ್. ದೂರು ಇದ್ದವರು ಬರೆಯಲಿ ಎಂದು ಇಟ್ಟ ಪುಸ್ತಕ ಅದು. ನಮ್ಮೂರವರು ಅದರಲ್ಲಿ ದೂರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರು.

ಹೆಸರು ಹಾಕುವ ರೂಢಿ ಇರಲಿಲ್ಲ. ಡೈರಿಯ ಸದಸ್ಯರಿಗೆಲ್ಲ ಒಂದೊಂದು ನಂಬರು. ಹಾಲಿನ ಕ್ಯಾನಿನ ಮೇಲೂ ಅದೇ, ಪಾಸ್‌ಪುಸ್ತಕದ ಮೇಲೂ ಅದೇ. ಪುಸ್ತಕದಲ್ಲೂ ಅದನ್ನೇ ಹಾಕಿ ಬರೆಯುತ್ತಿದ್ದರು. ಯಾವ ನಂಬರು ಯಾರದು ಎಂಬುದು ಊರಿಗೆಲ್ಲ ಗೊತ್ತಿದ್ದರೂ, ನಂಬರಿನ ಹಿಂದೆ ನಿಂತು ಮಾತಾಡುವಾಗ ಎಲ್ಲರಿಗೂ ಒಂದಿಷ್ಟು ಧೈರ್ಯ ಬರುತ್ತಿತ್ತು. ಎದುರು ಸಿಕ್ಕಾಗ ತಲೆ ತಗ್ಗಿಸಿ ಹೋಗುವವರು ಪುಸ್ತಕದಲ್ಲಿ ಅಧ್ಯಕ್ಷರಿಗೇ ಎದುರುತ್ತರ ಕೊಡುತ್ತಿದ್ದರು. ಅಧ್ಯಕ್ಷ ಸೀನಪ್ಪನವರ ನಂಬರು ಏಳು. ಹನ್ನೊಂದು ವರ್ಷದಿಂದ ಅವರೇ ಅಧ್ಯಕ್ಷರು. ಡೈರಿಯ ನಿಯಮಗಳ ಬೈಲಾ ಪುಸ್ತಕ ಯಾವಾಗಲೂ ಅವರ ಜುಬ್ಬದ ಜೇಬಿನಲ್ಲಿರುತ್ತಿತ್ತು.

ಬೆಳಿಗ್ಗೆ ನಮ್ಮ ಮನೆಯ ಹಾಲು ಹಾಕಿ, ಬಂಗಾರಪೇಟೆಯ ಕಾಲೇಜಿಗೆ ಬಸ್ಸು ಹತ್ತುವ ಮುನ್ನ ನಾನು ಆ ಪುಸ್ತಕ ಓದುತ್ತಿದ್ದೆ. ಎಂಬತ್ತೊಂಬತ್ತನೇ ಇಸವಿಯ ಆ ಬೇಸಿಗೆಯಲ್ಲಿ ಬರೆದದ್ದರಲ್ಲಿ ಕೆಲವು ಇನ್ನೂ ಬಾಯಿಗೆ ಬರುತ್ತವೆ.

‘19: ಇನ್ಮೇಲೆ ಹದಿನೆಂಟು ತುಂಬಿದೋರಿಗೆಲ್ಲ ಓಟಂತೆ. ನಮ್ಮ ಹುಡುಗರಿಗೆ ಹೋರಿಗೆ ಮೂಗುದಾರ ಹಾಕೋಕೆ ಬರಲ್ಲ, ದೇಶಕ್ಕೆ ಹಾಕ್ತಾರಂತೆ.’

‘7: ಕಾನೂನು ಬಂದ ಮೇಲೆ ಕಾನೂನು. ಕುಚೋದ್ಯ ಬೇಡ.’

‘41: ಹದಿನೆಂಟಕ್ಕೆ ಮದುವೆ ಮಾಡಿ ಸಂಸಾರ ಕೊಡ್ತೀರಿ. ಸಂಸಾರಕ್ಕಿಂತ ಓಟು ಭಾರವಾ?’

ಇನ್ನೊಂದು ದಿನ:

‘7: ಓಟಿಗೂ ಮಿಷನ್ ಬರುತ್ತಂತೆ. ಗುಂಡಿ ಒತ್ತಿದರೆ ಆಯಿತು. ಚೀಟಿ ಎಣಿಸುವ ಕಷ್ಟ ಇಲ್ಲ.’

‘19: ಕರೆಂಟು ಹೋದರೆ?’

‘7: ಬ್ಯಾಟರಿ ಇರುತ್ತೆ. ಪೇಪರ್ ಓದಿ ಬಂದು ಮಾತಾಡಿ.’

‘41: ನಮ್ಮ ಹಾಲಿನ ಮಿಷನ್ ಮುಖ ಸೆಕ್ರೆಟರಿ ಕಡೆಗೆ ಐತೆ. ಓಟಿನ ಮಿಷನ್ ಮುಖ ಯಾರ ಕಡೆಗೆ ಇಡ್ತಾರೆ, ಮೊದಲು ಅದನ್ನ ಹೇಳಿ.’

ಹಾಲಿನ ಕೊಬ್ಬು ಅಳೆಯುವ ಮಿಷನ್ ಬಂದು ಮೂರು ವರ್ಷವಾಗಿತ್ತು. ಅದಕ್ಕೆ ಮೊದಲು ಗಾಜಿನ ಕೊಳವೆಗೆ ಹಾಲೂ ಆಸಿಡ್ಡೂ ಹಾಕಿ, ಕೈಯಲ್ಲಿ ತಿರುಗಿಸುವ ಪೆಟ್ಟಿಗೆಯಲ್ಲಿಟ್ಟು ಗಿರಗಿರ ತಿರುಗಿಸುತ್ತಿದ್ದರು. ಮೇಲೆ ನಿಂತ ಹಳದಿ ಕೊಬ್ಬು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಮಿಷನ್ನಿನಲ್ಲಿ ಕಾಣುವುದು ಅಂಕಿ ಮಾತ್ರ, ಅದೂ ಅದರ ಮುಂದೆ ಕೂತ ಸೆಕ್ರೆಟರಿ ರಾಮಚಂದ್ರಪ್ಪನವರಿಗೆ. ಅವರು ‘ಮೂರು ಆರು’ ಎಂದರೆ ಮೂರು ಆರು, ಹಾಲಿನ ದರವೂ ಅದರಂತೆ. ರಾಮಚಂದ್ರಪ್ಪ ಸುಳ್ಳು ಹೇಳುವವರಲ್ಲ ಎಂದು ಎಲ್ಲರೂ ಒಪ್ಪುತ್ತಿದ್ದರು. ನಲವತ್ತೊಂದೂ ಒಪ್ಪುತ್ತಿತ್ತು. ಆದರೂ ಮೂರು ವರ್ಷದಿಂದ ತಿಂಗಳಿಗೊಮ್ಮೆಯಾದರೂ ಅದೇ ಮಾತು ಬರೆಯುತ್ತಿತ್ತು: ‘ಮೇಜು ಕಿಟಕಿ ಕಡೆಗೆ ತಿರುಗಿಸಿ. ಹಾಲು ಹಾಕೋರಿಗೂ ಕಾಣಲಿ.’

ನಲವತ್ತೊಂದು ಮುನಿಸ್ವಾಮಪ್ಪನವರ ನಂಬರು. ಅವರಿಗೆ ನಂದಿದುರ್ಗ ಚಿನ್ನದ ಗಣಿಯಲ್ಲಿ ನೀರೆತ್ತುವ ಪಂಪು ನೋಡಿಕೊಳ್ಳುವ ಕೆಲಸ. ಶಿಫ್ಟು ಮುಗಿಸಿ ಬಸ್ಸಿಳಿದರೆ ಮಾತಿಲ್ಲದೆ ಮನೆ ಸೇರುವ ಮನುಷ್ಯ. ಡೈರಿಗೆ ಹಾಲು ತರುತ್ತಿದ್ದವಳು ಅವರ ಹೆಂಡತಿ ಮುತ್ಯಾಲಮ್ಮ. ಎತ್ತರದ ಹೆಂಗಸು. ಕ್ಯಾನನ್ನು ಸೊಂಟಕ್ಕೆ ಇಟ್ಟುಕೊಳ್ಳದೆ ಕೈಯಲ್ಲೇ ಹಿಡಿದು, ತೋಳು ನೇರ ಇಳಿಬಿಟ್ಟು ನಡೆಯುತ್ತಿದ್ದಳು. ಪುಸ್ತಕವನ್ನು ಸಂಜೆ ಮನೆಗೆ ಒಯ್ದು ಬೆಳಿಗ್ಗೆ ತರಬಹುದಿತ್ತು. ಮೊಳೆಯಿಂದ ಬಿಚ್ಚಿಕೊಳ್ಳುವಾಗ ಮುತ್ಯಾಲಮ್ಮ ಪ್ರತಿಸಲವೂ, “ನಮ್ಮೋರು ಕೇಳಿದ್ರು, ರಾಮಚಂದ್ರಣ್ಣ” ಎನ್ನುತ್ತಿದ್ದಳು. ನಲವತ್ತೊಂದರ ಅಕ್ಷರದ ತಲೆಕಟ್ಟು ತೆಲುಗಿನ ಹಾಗೆ ಮೇಲಕ್ಕೆ ಚಿಮ್ಮಿರುತ್ತಿತ್ತು. ಗಣಿಯಲ್ಲಿ ತೆಲುಗಿನವರೊಡನೆ ಕೆಲಸ ಮಾಡುವವರು, ಅವರ ಕೈಬರಹ ಹಾಗಿರಬಹುದು ಎಂದುಕೊಂಡಿದ್ದೆವು. ಕುಪ್ಪಂ ಕಡೆಯ ಹಳ್ಳಿಯಲ್ಲಿ ಐದನೇ ಕ್ಲಾಸಿನವರೆಗೆ ತೆಲುಗು ಓದಿ ಬಂದವಳು ಮುತ್ಯಾಲಮ್ಮ ಎಂಬುದು ನಮಗೆ ತಿಳಿದೇ ಇತ್ತು. ತಿಳಿದಿದ್ದೂ ನಾವು ಯಾರೂ ಎರಡನ್ನೂ ಕೂಡಿಸಿ ನೋಡಲಿಲ್ಲ.

ಬಸ್ಸಿನಲ್ಲಿ ಯಾರಾದರೂ ಮುನಿಸ್ವಾಮಪ್ಪನವರನ್ನು, “ಏಳರ ಬಾಯಿ ಮುಚ್ಚಿಸಿಬಿಟ್ರಿ ಬಿಡಿ” ಎಂದು ಹೊಗಳಿದರೆ ಅವರು ನಕ್ಕು ಕಿಟಕಿಯಾಚೆ ನೋಡುತ್ತಿದ್ದರು. ಅದನ್ನು ವಿನಯ ಎಂದುಕೊಂಡೆವು.

ಆ ವರ್ಷ ಆಡಳಿತ ಮಂಡಳಿಯಲ್ಲಿ ಒಂದು ಜಾಗ ಖಾಲಿಯಾಯಿತು. ಹತ್ತೊಂಬತ್ತನೇ ನಂಬರಿನ ಬಚ್ಚಪ್ಪ, ಊರನ್ನೆಲ್ಲ ನಗಿಸುವ ಮನುಷ್ಯ, ಪುಸ್ತಕದಲ್ಲಿ ಒಂದೇ ಸಾಲು ಬರೆದರು: ‘ಮಂಡಳಿಗೆ ನಲವತ್ತೊಂದು ಬರಲಿ.’ ಒಂದು ವಾರದಲ್ಲಿ ಅದರ ಕೆಳಗೆ ಬರೀ ನಂಬರುಗಳೇ ತುಂಬಿಕೊಂಡವು. ನನ್ನ ತಂದೆ ಶ್ರೀರಾಮಪ್ಪನವರೂ ತಮ್ಮ ಅರವತ್ತಮೂರನ್ನು ಹಾಕಿಬಂದರು. ನಾನು ಎಣಿಸಿದಾಗ ಐವತ್ತೆಂಟಿತ್ತು.

ಮಾರನೆಯ ದಿನ ಬಾವಿಯ ಬಳಿ ಮುತ್ಯಾಲಮ್ಮ ನನ್ನನ್ನು ಹತ್ತಿರ ಕರೆದಳು.

“ನೀನು ಓದಿದೋಳು. ಯಾರ್ಗೂ ಯೋಳಬ್ಯಾಡ. ಆ ಪುಸ್ತಕದಾಗೆ ಬರ್ಯೋದು ನಾನು.”

ನಾನು ಕೊಡ ಕೆಳಗಿಟ್ಟೆ. ಆಶ್ಚರ್ಯ ಒಂದು ಕ್ಷಣದ್ದು. ಮರುಕ್ಷಣವೇ, ಇದು ಇಷ್ಟು ದಿನ ನನಗೆ ಯಾಕೆ ಹೊಳೆಯಲಿಲ್ಲ ಎನ್ನಿಸಿತು.

“ಮತ್ತೆ ಅವರು ಕೇಳಿದ್ರು ಅಂತ ಹೇಳ್ತಿದ್ರಲ್ಲ, ಅಕ್ಕ?”

“ನಾನು ಬರ್ದಿದ್ದು ಅಂದ್ರೆ ಯಾರು ಓದ್ತಿದ್ರು? ಎಂಗಸ್ರ ಮಾತು ಅಂತ ಪುಟ ತಿರುವ್ತಿದ್ರು. ಅವರ ನಂಬರಾಗೆ ಬರ್ದೆ, ಓದಿದ್ರು. ಈಗ ನೋಡು, ಆ ಮಾತ್ಗೆ ಕುರ್ಚಿ ಬಂತು. ಕೂರೋದು ಅವ್ರು.”

“ಅವರು ಏನಂತಾರೆ?”

“‘ನಂಗ್ಯಾಕೆ ಈ ತಂಟೆ’ ಅಂತಾರೆ. ನಾನೇ ‘ಒಪ್ಕೊಳ್ಳಿ’ ಅಂದಿವ್ನಿ. ಮೇಜಾದ್ರೂ ತಿರುಗ್ತದಲ್ಲ.” ಹಗ್ಗ ಎಳೆದಳು. ಕೊಡ ಮೇಲೆ ಬಂದ ಮೇಲೆ, “ಒಂದಿನನಾದ್ರೂ ಇದು ನನ್ ಮಾತು ಅಂತ ಯೋಳ್ಬೇಕು ಅನ್ನಿಸ್ತದೆ. ಯೋಳಿದ್ರೆ ಮೂರು ವರ್ಷದ್ದೆಲ್ಲ ನೀರಾಗ್ತದೇನೋ ಅಂತ ಬಯ” ಎಂದಳು.

ಸಾಮಾನ್ಯ ಸಭೆಗೆ ಹತ್ತು ದಿನವಿತ್ತು. ಆ ಹತ್ತು ದಿನ ಅವಳು ಗಂಡನಿಗೆ ಪಾಠ ಮಾಡಿದಳು. ಅವರು ಊಟಕ್ಕೆ ಕೂತಾಗ ಪುಸ್ತಕ ತೆರೆದು, ನಲವತ್ತೊಂದು ಏನೇನು ಹೇಳಿದೆ ಎಂದು ಓದುವಳು. ಅವರು ಮುದ್ದೆ ನುಂಗುತ್ತಾ ತಲೆಯಾಡಿಸುವರು. “ನಾನು ಇಷ್ಟು ಜಗಳಗಂಟನಾ?” ಎಂದು ಒಂದು ದಿನ ಕೇಳಿದರಂತೆ.

ಸಭೆ ಡೈರಿಯ ಕೋಣೆಯಲ್ಲಿ ನಡೆಯಿತು. ಗಂಡಸರು ಒಳಗೆ, ನಾವು ಹೆಂಗಸರು ಜಗಲಿಯಲ್ಲಿ ಕಿಟಕಿಗೆ ಒರಗಿ. ಬೇಡವೆಂದು ಯಾರೂ ಹೇಳಿರಲಿಲ್ಲ. ನಂಬರು ಗಂಡಸರದು, ಹಾಗಾಗಿ ಜಾಗವೂ ಅವರದು. ಬಚ್ಚಪ್ಪ ಹೆಸರು ಸೂಚಿಸಿದರು. ಮುನಿಸ್ವಾಮಪ್ಪ ಎದ್ದು ನಿಂತು, ಒಗೆದ ಅಂಗಿಯ ಗುಂಡಿಯನ್ನು ಮುಟ್ಟಿಕೊಳ್ಳುತ್ತಾ ಕಲಿತದ್ದನ್ನು ಒಪ್ಪಿಸಿದರು. ಮೇಜು ತಿರುಗಬೇಕು, ಹಾಲು ಹಾಕುವವರಿಗೂ ಕಾಣಬೇಕು. ಒಂದು ಮಾತೂ ತಪ್ಪಲಿಲ್ಲ. ಮುತ್ಯಾಲಮ್ಮನ ತುಟಿ ಅವರ ಜೊತೆಗೇ ಆಡುತ್ತಿತ್ತು.

ಬಾಗಿಲ ಬಳಿಯ ತಮ್ಮ ಕುರ್ಚಿಯಲ್ಲಿ ಕೂತಿದ್ದ ಸೀನಪ್ಪನವರು ಕನ್ನಡಕ ತೆಗೆದರು. ಮೂರು ವರ್ಷದಿಂದ ಕಾಗದದ ಮೇಲೆ ಸಿಕ್ಕವನು ಈಗ ಎದುರು ಸಿಕ್ಕಿದ್ದ. ಅವರಿಗೆ ಖುಷಿಯಾದಂತಿತ್ತು.

“ಸರಿ ಕಣಪ್ಪ. ತಿರುಗಿಸ್ತೀವಿ, ನಂಬ್ರು ಎಲ್ರಿಗೂ ಕಾಣ್ತದೆ. ಆ ನಂಬ್ರೇ ಸುಳ್ಳಾಗಿದ್ರೆ? ಕಂಡಿದ್ದೆಲ್ಲ ನಿಜ ಆಗ್ತದಾ? ಯೋಳು.”

ಇದು ಪಾಠದಲ್ಲಿರಲಿಲ್ಲ. ಮುನಿಸ್ವಾಮಪ್ಪ ಸೆಕ್ರೆಟರಿಯನ್ನು ನೋಡಿದರು. ಕೊನೆಗೆ ಕಿಟಕಿಯ ಕಡೆ ನೋಡಿದರು.

“ಏನಣ್ಣೋ, ಪೆನ್ಸಿಲ್ ಕೊಡಾನಾ?” ಎಂದರು ಬಚ್ಚಪ್ಪ. ಕೆಲವರು ನಕ್ಕರು.

“ನಿಜ ಆಗಲ್ಲ ಮಾವ,” ಎಂದಳು ಮುತ್ಯಾಲಮ್ಮ, ಕಿಟಕಿಯ ಸರಳು ಹಿಡಿದು. “ಆದ್ರೆ ನೂರಾ ಅನ್ನೊಂದು ಮನೆಯೋರು ನೋಡ್ತಿದ್ರೆ, ಸುಳ್ಳಾದ ದಿನ ಯಾರ್ಗೋ ಒಬ್ರಿಗೆ ಗೊತ್ತಾಗ್ತದೆ. ಒಬ್ರೇ ನೋಡ್ತಿದ್ರೆ ಆ ಒಬ್ರಿಗೂ ಗೊತ್ತಾಗಲ್ಲ. ರಾಮಚಂದ್ರಣ್ಣನ ಮ್ಯಾಲೆ ಅನುಮಾನ ಅಂತಲ್ಲ. ನಾಳೆ ಯಾರಾನ ಅವರ ಮ್ಯಾಲೆ ಮಾತು ಒರಿಸಿದ್ರೆ ಅವ್ರಿಗೊಂದು ಸಾಕ್ಷಿ ಬ್ಯಾಡ್ವಾ?”

ರಾಮಚಂದ್ರಪ್ಪನವರು ಮಿಷನ್ನಿನ ಮೇಲಿನ ಬಟ್ಟೆಯನ್ನು ಸುಮ್ಮನೆ ಸರಿಪಡಿಸಿದರು. ಸೀನಪ್ಪನವರು ಕಿಟಕಿಯನ್ನೇ ನೋಡುತ್ತಿದ್ದರು. ಆ ಉತ್ತರದ ಪಟ್ಟು ಅವರಿಗೆ ಗೊತ್ತಿತ್ತು. ಅಷ್ಟು ದಿನ ಅದರ ಜೊತೆಗೇ ಗುದ್ದಾಡಿದವರು ಅವರು.

“ಲೇ ರಾಮಚಂದ್ರ, ನಲವತ್ತೊಂದು ಒಳಗಿಲ್ಲ ಕಣ್ಲಾ,” ಎಂದರು ನಿಧಾನವಾಗಿ. “ಒರಗೈತೆ.”

ಒಳಗೆ ಗದ್ದಲವೆದ್ದಿತು. ಹಾಗಾದರೆ ನಾವು ಮೂರು ವರ್ಷ ಮಾತಾಡಿದ್ದು ಯಾರ ಜೊತೆ ಎಂದು ಒಬ್ಬರು. ಮೋಸ ಎಂದು ಇನ್ನೊಬ್ಬರು. ಮುನಿಸ್ವಾಮಪ್ಪ ಇನ್ನೂ ನಿಂತೇ ಇದ್ದರು.

“ಬರ್ದೋಳು ಅವಳು,” ಎಂದರು. “ಬಸ್ಸಿನಾಗೆ ನೀವು ಒಗಳ್ದಾಗ ನಾನು ಇಲ್ಲ ಅನ್ಲಿಲ್ಲ. ಚೆನ್ನಾಗಿತ್ತು, ಸುಮ್ಕಿದ್ದೆ. ತಪ್ಪು ನಂದು. ಕುರ್ಚಿ ಅವ್ಳಿಗೆ ಕೊಡಿ.”

“ಒಂದು ಮನೆಗೆ ಒಂದೇ ನಂಬ್ರು. ಅದು ನಿನ್ದು,” ಎಂದರು ರಾಮಚಂದ್ರಪ್ಪ. “ಕಾನೂನು ಬ್ಯಾಡ್ವೇನಪ್ಪ?”

ಎಲ್ಲರೂ ಏಳರ ಕಡೆ ತಿರುಗಿದರು. ಸೀನಪ್ಪನವರು ಜೇಬಿನಿಂದ ಬೈಲಾ ತೆಗೆದರು. ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಹಾಳೆ ತಿರುವಿದರು. ಸದಸ್ಯರಾಗುವವರ ಪುಟಕ್ಕೆ ಬಂದು ಎರಡು ಸಲ ಓದಿಕೊಂಡರು. ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ತನಗೆ ಇಷ್ಟವಿಲ್ಲದ್ದು ತನ್ನ ಪುಸ್ತಕದಲ್ಲೇ ಇದೆ ಎಂದು ಕಂಡವರ ಮುಖ.

“ಅದಿನೆಂಟು ತುಂಬಿರಬೇಕು. ಊರಾಗೆ ವಾಸ ಇರಬೇಕು. ಸ್ವಂತ ರಾಸು ಇರಬೇಕು. ಅಷ್ಟೇ ಬರ್ದವ್ರೆ. ಒಂದು ಮನೆಗೆ ಒಂದು ಅಂತ ಇಲ್ಲ. ಅದು ನಾವು ಮಾಡ್ಕೊಂಡಿದ್ದು.” ತಲೆಯೆತ್ತಿದರು. “ಅಸು ಯಾರ್ದು?”

“ಎಮ್ಮೆ ನಂದು,” ಎಂದರು ಮುನಿಸ್ವಾಮಪ್ಪ. “ಅಸು ಅವಳ ತವ್ರು ಮನೆಯೋರು ಕೊಟ್ಟ ಕರು. ನಾನು ಅತ್ರ ಓದ್ರೆ ಒದೀತದೆ. ಬೇಕಾದ್ರೆ ಬಂದು ನೋಡಿ.”

ಈ ಸಲ ಎಲ್ಲರೂ ನಕ್ಕರು. ಆದರೆ ಸೀನಪ್ಪನವರು ಪುಟ ತಿರುವಿದರು. ಬೈಲಾದಲ್ಲಿ ಇನ್ನೊಂದು ಸಾಲಿತ್ತು. ಸದಸ್ಯರಾಗಿ ತೊಂಬತ್ತು ದಿನ ಹಾಲು ಹಾಕಿದವರು ಮಾತ್ರ ಮಂಡಳಿಗೆ ನಿಲ್ಲಬಹುದು. ಅದನ್ನು ಅವರು ಗಟ್ಟಿಯಾಗಿಯೇ ಓದಿದರು, ಮುತ್ಯಾಲಮ್ಮನಿಗೆ ಕೇಳಿಸುವ ಹಾಗೆ. “ಈ ಸಲ ಆಗಲ್ಲಮ್ಮ. ಇದು ಕಾನೂನು.”

“ಬರ್ದಿದ್ರೆ ಸರಿ ಮಾವ,” ಎಂದಳು ಅವಳು.

ಕುರ್ಚಿ ಬಚ್ಚಪ್ಪನಿಗೆ ಹೋಯಿತು. ಮೇಜಿನ ವಿಷಯ ಹೊಸ ಮಂಡಳಿ ನೋಡುತ್ತದೆ ಎಂದಾಯಿತು. ಮುತ್ಯಾಲಮ್ಮನಿಗೆ ನೂರಾ ಹನ್ನೆರಡನೇ ನಂಬರು ಬಂತು. ಕ್ಯಾನಿನ ಮೇಲೆ ಕೆಂಪು ಬಣ್ಣದಲ್ಲಿ ತಾನೇ ಬರೆದುಕೊಂಡಳು. ಮನೆಯಿಂದ ಹೊರಡುವಾಗ ಈಗ ಎರಡು ಕ್ಯಾನು, ಎರಡು ನಂಬರು. ಕೆಲವು ದಿನ ಪುಸ್ತಕ ಸಪ್ಪಗಿತ್ತು. ನೂರಾ ಹನ್ನೆರಡು ಬರೆದದ್ದರ ಕೆಳಗೆ ಯಾರೂ ಉತ್ತರ ಬರೆಯಲಿಲ್ಲ. ಅವಳ ಭಯ ನಿಜವಾಯಿತೇನೋ ಎಂದು ದಿನವೂ ಪುಟ ತೆರೆದು ನೋಡುತ್ತಿದ್ದೆ.

ಒಂಬತ್ತನೆಯ ದಿನ ಮುತ್ಯಾಲಮ್ಮ ತಾನೇ ಪುಸ್ತಕವನ್ನು ನನ್ನ ಮುಂದೆ ಚಾಚಿದಳು. ಅವಳು ಬರೆದಿದ್ದ ಮೇಜಿನ ಮಾತಿನ ಕೆಳಗೆ, ದೊಡ್ಡದೊಡ್ಡ ಅಕ್ಷರದಲ್ಲಿ, ಪೆನ್ಸಿಲ್ ಮುರಿಯುವಷ್ಟು ಒತ್ತಿ ಬರೆದಿತ್ತು:

‘41: ಕಿಟಕಿ ಕಡೆ ಬೇಡ. ಬೆಳಗಿನ ಬಿಸಿಲು ನೇರ ಬೀಳುತ್ತೆ. ಬಿಸಿ ಆದರೆ ಮಿಷನ್ ಲೆಕ್ಕ ತಪ್ಪುತ್ತೆ. ಬಾಗಿಲ ಕಡೆ ತಿರುಗಿಸಿ.’

“ನೋಡ್ದಾ? ಮೂರು ವರ್ಷ ಕಿಟಕಿ ಕಿಟಕಿ ಅಂದೆ. ಬಿಸ್ಲು ನನ್ ಕಣ್ಣಿಗೇ ಬಿದ್ದಿಲ್ಲ,” ಎಂದಳು. “‘ಇದು ಗೊತ್ತಿದ್ದೂ ಯಾಕೆ ಯೋಳ್ಲಿಲ್ಲ?’ ಅಂತ ಕೇಳ್ದೆ. ‘ನೀನು ಬರ್ದು ಮುಚ್ಚಿಡ್ತಿದ್ದೆ, ನನ್ನ ಯಾವತ್ತು ಕೇಳ್ದೆ’ ಅಂದ್ರು.”

ಆಮೇಲೆ ಅವಳು ಜಗಲಿಯ ಮೇಲೆ, ಹಾಲು ಹಾಕಲು ಸಾಲಾಗಿ ನಿಂತವರೆಲ್ಲರ ಎದುರೇ ಕೂತು, ಮಂಡಿಯ ಮೇಲೆ ಪುಸ್ತಕವಿಟ್ಟು ಬರೆದಳು:

‘112: 41 ಹೇಳೋದು ಸರಿ, ನಂದು ತಪ್ಪು. ಆದರೆ ಬಾಗಿಲ ಕಡೆ 7ರ ಕುರ್ಚಿ ಐತೆ. ಅದನ್ನ ಯಾರು ತೆಗೀತಾರೆ?’

ಸಾಲಿನಲ್ಲಿದ್ದ ಬಚ್ಚಪ್ಪ ಬಗ್ಗಿ ಓದಿ, “ಅಯ್ಯೋ ಶಿವನೇ” ಎಂದು ಪೆನ್ಸಿಲ್‌ಗೆ ಕೈ ಚಾಚಿದರು. ಅವರ ಹಿಂದೆ ನಿಂತಿದ್ದ ಸೀನಪ್ಪನವರು ಅದಕ್ಕೆ ಮೊದಲೇ ಅದನ್ನು ಎತ್ತಿಕೊಂಡಿದ್ದರು. ಕನ್ನಡಕ ಹಾಕಿಕೊಂಡು, ಮುತ್ಯಾಲಮ್ಮನ ಪಕ್ಕದಲ್ಲೇ ಜಗಲಿಯ ಮೇಲೆ ಕೂತು, “ಪುಸ್ತಕ ಇತ್ತ ಕೊಡಮ್ಮ” ಎಂದರು. ನನ್ನ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕುತ್ತಿತ್ತು. ಅವರು ‘7’ ಎಂದು ಬರೆದು ಎರಡು ಚುಕ್ಕೆ ಇಡುವವರೆಗೆ ನಿಂತು ನೋಡಿ, ಓಡಿದೆ.