ಹಳೆಯ ವೈನು, ಮಾವನ ಮೂಗು

ಮಂಗಸೂಳಿಯ ಹತ್ತಿರ ನಮ್ಮ ದ್ರಾಕ್ಷಿ ತೋಟವಿದೆ. ಬಹಳ ವರ್ಷ ಒಣದ್ರಾಕ್ಷಿಗೆಂದೇ ಬೆಳೆಯುತ್ತಿದ್ದೆವು. ಆಮೇಲೆ ಒಂದೂವರೆ ಎಕರೆಯಲ್ಲಿ ವೈನಿಗೆ ಬೇಕಾಗುವ ಕರಿ ದ್ರಾಕ್ಷಿ ಹಚ್ಚಿದೆವು. ಗಡಿಯಾಚೆಯ ಒಂದು ಸಣ್ಣ ಕಾರ್ಖಾನೆಯವರು ಬಂದು ಒಯ್ಯುತ್ತಾರೆ. ಬೆಳೆದು ಕೊಡುವುದಷ್ಟೇ ನಮ್ಮ ಕೆಲಸ. ನಮ್ಮ ಮನೆಯಲ್ಲಿ ಅದನ್ನು ಕುಡಿದವರು ಯಾರೂ ಇರಲಿಲ್ಲ.

ಆ ಕಾರ್ಖಾನೆಯಲ್ಲಿ ವೈನು ಮಾಡುವವರು ಮಿರಜಿನವರು, ಅವರ ತಾಯಿಯ ತವರು ಅಥಣಿ. ಫ್ರಾನ್ಸಿನಲ್ಲಿ ನಾಲ್ಕು ವರ್ಷ ದುಡಿದು ಬಂದಿದ್ದರೂ ನಮ್ಮ ಜೊತೆ ಮರಾಠಿ ಬೆರೆಸಿದ ನಮ್ಮದೇ ಕನ್ನಡ ಮಾತಾಡುತ್ತಾರೆ. ನನ್ನ ಹೆಂಡತಿಯನ್ನು, ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ, ವೈನಿ ಎನ್ನುತ್ತಾರೆ. ‘ವೈನ್ ಮಾಡಾವ್ರು ವೈನಿ ಅಂತ ಕರದ್ರ ಯಾರನ್ನ ಕರೀತಾರೋ ತಿಳಿಯಾಂಗಿಲ್ಲ’ ಎಂದು ಅವಳು ನಗುತ್ತಾಳೆ.

ಮೂರು ವರ್ಷದ ಹಿಂದೆ ಕಟಾವು ಮುಗಿದ ಮೇಲೆ ಅವರು ಒಂದು ಬಾಟಲಿ ತಂದರು. ಫ್ರಾನ್ಸಿನಿಂದ ಬರುವಾಗ ಅಲ್ಲಿಯ ಯಜಮಾನರು ಕೊಟ್ಟದ್ದಂತೆ. ಇಪ್ಪತ್ತೆರಡು ವರ್ಷದ ಹಳೆಯ ಕೆಂಪು ವೈನು.

‘ನೀವು ಬೆಳದದ್ದು ಮುಂದ ಏನಾಗತೈತಿ ಅಂತ ನೀವೂ ಒಮ್ಮೆ ನೋಡಬೇಕ್ರಿ. ಐತವಾರ ಬಂದು ತೆಗೀತೀನಿ. ಅಲ್ಲೀತನಕ ನಿಂದರಿಸಿ ಇಡ್ರಿ, ಅಲಗಾಡಸಬ್ಯಾಡ್ರಿ. ತಳದಾಗ ಗಸಿ ಕೂಡಬೇಕು’ ಎಂದರು.

ಅಡುಗೆಮನೆಯಲ್ಲಿ ಬೇಡ ಎಂದು ಹೆಂಡತಿ ಅದನ್ನು ಬಚ್ಚಲ ಕಡೆಯ ಮೂಲೆಯಲ್ಲಿ, ನೀರಿನ ಹರವಿಗಳ ಹಿಂದೆ ಇಟ್ಟಳು. ಮಾರ್ಚ್ ತಿಂಗಳ ಬಿಸಿಲಿಗೆ ಮನೆಯಲ್ಲಿ ತಂಪಾಗಿದ್ದ ಜಾಗ ಅದೊಂದೇ.

ಆಗ ಮಾವ, ಅಂದರೆ ಹೆಂಡತಿಯ ತಂದೆ, ನಮ್ಮಲ್ಲೇ ಇದ್ದರು. ನಿಪ್ಪಾಣಿಯಲ್ಲಿ ತಂಬಾಕು ಕೂಡಿಡುವ ವಖಾರಿಯೊಂದರಲ್ಲಿ ನಲವತ್ತು ವರ್ಷ ದುಡಿದವರು. ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರೆ ಅದು ಎರಿಯ ಕಪ್ಪು ಮಣ್ಣಿನದೋ ಮಸಾರಿಯ ಕೆಂಪು ಮಣ್ಣಿನದೋ, ಸರಿಯಾಗಿ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ವ್ಯಾಪಾರಿಗಳು ಅವರ ಮಾತಿನ ಮೇಲೆ ಮಾಲು ಹಿಡಿಯುತ್ತಿದ್ದರು. ಮೊಣಕಾಲು ನೋವೆಂದು ಆ ಕೆಲಸ ಬಿಟ್ಟು ಬಂದಿದ್ದರು.

ರವಿವಾರ ನಾಲ್ಕು ಗಂಟೆಗೆ ಮಿರಜಿನವರು ಬಂದರು, ಪಡಸಾಲೆಯಲ್ಲಿ ಕೂತೆವು. ಬೂಚು ಅರ್ಧಕ್ಕೆ ಮುರಿಯಿತು. ಉಳಿದದ್ದನ್ನು ಅವರು ಸಾವಕಾಶವಾಗಿ ಹೊರಗೆ ತೆಗೆದರು. ಮೊಬೈಲಿನ ಬೆಳಕನ್ನು ಬಾಟಲಿಯ ಕುತ್ತಿಗೆಯ ಕೆಳಗೆ ಹಿಡಿಯಲು ನನಗೆ ಹೇಳಿ, ಗಾಜಿನ ಜಗ್ಗಿಗೆ ಎಳೆಯಾಗಿ ಸುರಿದರು. ಕುತ್ತಿಗೆಯಲ್ಲಿ ಕರಿ ಗಸಿ ಕಾಣಿಸಿದ ಕೂಡಲೇ ನಿಲ್ಲಿಸಿದರು. ಕಾರಿನಿಂದ ತಂದ ಗ್ಲಾಸುಗಳಿಗೆ ಎರಡೆರಡು ಗುಟುಕು ಹಾಕಿ, ಬಿಳಿ ಟವೆಲ್ಲಿನ ಮೇಲೆ ಓರೆ ಮಾಡಿ ಹಿಡಿಯಲು ಹೇಳಿದರು. ನಮ್ಮ ದ್ರಾಕ್ಷಿಯ ಹೊಸ ವೈನನ್ನೂ ಒಂದು ಬಾಟಲಿ ತಂದಿದ್ದರು. ಅದು ನೇರಳೆ ಹಣ್ಣಿನ ಬಣ್ಣ. ಹಳೆಯದು ನಡುವೆ ಕೆಂಪು, ಅಂಚಿನಲ್ಲಿ ಹಂಚಿನ ಬಣ್ಣ.

ನಾನು ಮೂಸಿದೆ. ಮುಚ್ಚಿಟ್ಟ ಕೋಣೆಯ ವಾಸನೆ ಬಂತು.

‘ಕೆಟ್ಟೈತೇನ್ರಿ?’

‘ಇಲ್ರಿ. ಇಪ್ಪತ್ತೆರಡು ವರ್ಷ ಗಾಳಿ ಕಂಡಿಲ್ಲ. ಸ್ವಲ್ಪ ಉಸಿರು ತಗೋಲಿ.’

ಇಪ್ಪತ್ತು ನಿಮಿಷ ಕಾದೆವು. ಮತ್ತೆ ಮೂಸಿದಾಗ ಆ ವಾಸನೆ ಹೋಗಿತ್ತು. ಬೇರೆ ಏನೋ ಬರುತ್ತಿತ್ತು, ಆದರೆ ಅದಕ್ಕೆ ಏನೆನ್ನಬೇಕೋ ನನಗೆ ತಿಳಿಯಲಿಲ್ಲ. ಅವರು ಮಾವನ ಕಡೆ ತಿರುಗಿದರು.

‘ಕಾಕಾ, ನಿಮ್ಮ ಮೂಗಿನ ಸುದ್ದಿ ಕೇಳೀನ್ರಿ. ನೀವ ಮೊದಲ ಹೇಳ್ರಿ.’

ಮಾವ ಗ್ಲಾಸನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕೂತರು. ‘ಚಲೋ ಐತ್ರಿ’ ಎಂದರು.

‘ಚಲೋ ಅಂದ್ರ ಹೆಂಗ್ರಿ?’

‘ಚಲೋ ವಾಸನಿ ಐತ್ರಿ.’

ಒಂದು ಚಿಟಿಕೆ ತಂಬಾಕಿನ ಬಗ್ಗೆ ಹತ್ತು ಮಾತು ಹೇಳುತ್ತಿದ್ದವರು ಇಷ್ಟಕ್ಕೇ ನಿಲ್ಲಿಸಿದ್ದು ನನಗೆ ವಿಚಿತ್ರವೆನಿಸಿತು. ಅಷ್ಟರಲ್ಲಿ ಹೆಂಡತಿ ಚುರುಮುರಿಯ ತಾಟು ತಂದಿಟ್ಟಳು.

‘ವೈನಿ, ನೀವೂ ನೋಡ್ರಿ. ಕುಡಿಯೂದು ಬ್ಯಾಡ, ಬರೇ ಮೂಸ್ರಿ.’

ಅವಳು ಸೆರಗಿಗೆ ಕೈ ಒರೆಸಿಕೊಂಡು ನನ್ನ ಗ್ಲಾಸು ತೆಗೆದುಕೊಂಡಳು. ‘ಒಣಗಿದ ಹಣ್ಣಿನಂಗ ಐತಿ... ಹಳೇ ಕಟಗಿ ಪೆಟಗಿ ತೆಗದಂಗ...’ ಎಂದವಳು ಒಮ್ಮೆಲೇ ತಂದೆಯ ಕಡೆ ನೋಡಿದಳು. ‘ಅಪ್ಪಾ, ಇದು ನಿನ್ನ ಅಂಗಿ ವಾಸನಿ! ವಖಾರಿಂದ ಬಂದು ಗೂಟಕ್ಕ ಹಾಕ್ತಿದ್ದೆಲ್ಲ, ಆ ಅಂಗೀದು.’

ಮಿರಜಿನವರು ತೊಡೆ ತಟ್ಟಿದರು. ಫ್ರಾನ್ಸಿನಲ್ಲಿ ಅವರಿದ್ದ ಸೀಮೆಯ ವೈನು ಹಳತಾದರೆ ಒಣ ತಂಬಾಕಿನ ವಾಸನೆ, ಮರದ ಪೆಟ್ಟಿಗೆಯ ವಾಸನೆ ಬರುತ್ತದಂತೆ. ಅದನ್ನು ಗುರುತಿಸಲು ಅವರಿಗೆ ಎರಡು ವರ್ಷ ಹಿಡಿದಿತ್ತಂತೆ.

ಹೆಂಡತಿ ಗ್ಲಾಸನ್ನು ತಂದೆಯ ಕೈಗೆ ಕೊಟ್ಟಳು. ‘ನಿನಗ ಗೊತ್ತಾಗಲಿಲ್ಲೇನು?’

ಮಾವ ಮತ್ತೊಮ್ಮೆ ಮೂಸಿ ಗ್ಲಾಸು ಕೆಳಗಿಟ್ಟರು.

‘ನನಗೇನೂ ಬರೂದಿಲ್ಲ, ಯವ್ವಾ. ಆ ಕೊರೊನಾ ಬ್ಯಾನಿ ಬಂದು ಹ್ವಾದಾಗಿಂದ ಯಾವ ವಾಸನೀನೂ ಬರೂದಿಲ್ಲ. ಮೊಣಕಾಲು ನೋವು ಅಂದಿದ್ದು ಖರೇ ಅಲ್ಲ. ಒಂದು ಹಂಗಾಮ ಕಣ್ಣಿಲೆ ನೋಡಿ, ಕೈಲೆ ಮುಟ್ಟಿ ಹೇಳಿದೆ. ಒಂದಿನ ಬೂಸರು ಹಿಡಿದ ಮಾಲು ಚಲೋ ಐತಿ ಅಂದುಬಿಟ್ಟೆ. ಯಾರೂ ಏನೂ ಅನ್ನಲಿಲ್ಲ. ನಾನ ಮರುದಿನದಿಂದ ಹೋಗಲಿಲ್ಲ.’

ಅದಕ್ಕೆ ಎರಡು ತಿಂಗಳ ಹಿಂದೆ ಮಾವ ಒಲೆಯ ಪಕ್ಕದಲ್ಲೇ ಕೂತಿದ್ದಾಗ ಹಾಲು ಸೀದು ಪಾತ್ರೆ ಕರಿಯಾಗಿತ್ತು. ‘ಮುಂದ ಕೂತು ಏನ್ ಮಾಡ್ತಿದ್ರಿ’ ಎಂದು ನಾನು ಅವರಿಗೆ ಒರಟಾಗಿ ಅಂದಿದ್ದೆ. ಅದು ನೆನಪಾಗಿ ತಲೆ ತಗ್ಗಿಸಿದೆ. ಹೆಂಡತಿಯ ಕಣ್ಣಲ್ಲಿ ನೀರು ಬಂತು.

ಮಿರಜಿನವರು ಸಮಾಧಾನದ ಮಾತು ಆಡಲಿಲ್ಲ. ಎರಡು ಗ್ಲಾಸುಗಳನ್ನು, ಒಂದರಲ್ಲಿ ನಮ್ಮ ಹೊಸ ವೈನು, ಇನ್ನೊಂದರಲ್ಲಿ ಹಳೆಯದು ಹಾಕಿ ಮಾವನ ಮುಂದೆ ಸರಿಸಿದರು.

‘ಮೂಗು ಬಿಡ್ರಿ ಕಾಕಾ. ಬಾಯಾಗ ಹಿಡದು, ಅದು ಎಲ್ಲೆಲ್ಲಿ ಮುಟ್ಟತೈತಿ ಹೇಳ್ರಿ. ಆಮ್ಯಾಲ ಚರಗಿಗೆ ಉಗುಳ್ರಿ.’

ಮಾವ ಮಗಳ ಮುಖ ನೋಡಿದರು. ಅವಳು ಹೂಂ ಎಂದಳು. ಹೊಸದನ್ನು ಬಾಯಿಗೆ ಹಾಕಿ ಮುಖ ಕಿವಿಚಿ ಉಗುಳಿದರು. ‘ಹಸಿ ಬಾಳಿಕಾಯಿ ಕಡದಂಗ. ಒಸಡು, ಹಲ್ಲಿನ ಸಂದಿ, ಎಲ್ಲಾ ಕಡೆ ಒಗರು.’ ನೀರು ಮುಕ್ಕಳಿಸಿ ಹಳೆಯದನ್ನು ತೆಗೆದುಕೊಂಡರು. ಈ ಸಲ ಬೇಗ ಉಗುಳಲಿಲ್ಲ.

‘ಇದರಾಗೂ ಒಗರು ಐತ್ರಿ, ಆದ್ರ ನುಣ್ಣಗಾಗೈತಿ. ಚುಚ್ಚೂದಿಲ್ಲ. ಹುಳಿ ನಾಲಿಗಿ ಬದಿಗಷ್ಟ. ಉಗುಳಿದ ಮ್ಯಾಲೂ ಹೋಗವಲ್ದು.’

‘ನಾ ಹೇಳಬೇಕಂದಿದ್ದು ಇದ ನೋಡ್ರಿ’ ಎಂದರು ಮಿರಜಿನವರು.

ನಾನೂ ಎರಡು ಗುಟುಕು ಕುಡಿದೆ. ಮೊದಲು ಹುಳಿ, ಆಮೇಲೆ ಮೆತ್ತಗಿನ ಏನೋ ಒಂದು. ರುಚಿ ಹಿಡಿಸಿತೆಂದು ಹೇಳಿದರೆ ಸುಳ್ಳಾಗುತ್ತದೆ, ಆದರೆ ಬೇಡವೆನಿಸಲೂ ಇಲ್ಲ. ಸಂಜೆ ಉಳಿದದ್ದನ್ನು ಮೂಸಿದಾಗ ಬರಿಯ ಹುಳಿ ವಾಸನೆ. ಇಷ್ಟು ಹಳೆಯದು ತೆರೆದ ಮೇಲೆ ಒಂದೆರಡು ತಾಸಷ್ಟೇ ಇರುತ್ತದೆಂದು ಅವರು ಹೇಳಿದರು.

ಮರುದಿನವೇ ಹೆಂಡತಿ ತಂದೆಯನ್ನು ಮಿರಜಿನ ಡಾಕ್ಟರರ ಹತ್ತಿರ ಕರೆದೊಯ್ದಳು. ತಡವಾಗಿದೆ, ಆದರೂ ಪ್ರಯತ್ನ ಮಾಡಿ ಎಂದರಂತೆ. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ, ಇವನ್ನು ದಿನಕ್ಕೆ ಎರಡು ಸಲ ಮೂಸಬೇಕು. ಐದು ತಿಂಗಳು ಏನೂ ಆಗಲಿಲ್ಲ. ಮಾವ ಬೇಸತ್ತು ಬಿಟ್ಟರೂ ಹೆಂಡತಿ ಬಿಡಲಿಲ್ಲ. ಕೊನೆಗೆ ಒಂದು ಮುಂಜಾನೆ ಲವಂಗ ಸಣ್ಣಗೆ ಬಂತು. ಈಗ ನಿಂಬೆಯೂ ಬರುತ್ತದೆ. ತಂಬಾಕು ಇನ್ನೂ ಬಂದಿಲ್ಲ.

ಹೋದ ವರ್ಷ ಕಾರ್ಖಾನೆಯವರು ಪೀಪಾಯಿಗಳ ವೈನು ಬೆರೆಸುವ ಮುಂಚೆ ತಂದೆ ಮಗಳು ಇಬ್ಬರನ್ನೂ ಕರೆಸಿದರು. ಏಳು ಗ್ಲಾಸು ಸಾಲಾಗಿ ಇಟ್ಟಿದ್ದರು. ಮಗಳು ಮೂಸುತ್ತ ಹೋದಳು, ತಂದೆ ಬಾಯಿಗೆ ಹಾಕಿ ಉಗುಳುತ್ತ ಬಂದರು. ಮೂರನೆಯದು ಇನ್ನೂ ಹಸಿ ಎಂದು ಮಾವ, ಇಲ್ಲ, ಅದೇ ಎಲ್ಲಕ್ಕಿಂತ ಚಲೋ ಎಂದು ಅವಳು. ಊರಿಗೆ ವಾಪಸ್ ಬರುವಾಗ ಕಾಗವಾಡ ದಾಟುವವರೆಗೂ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ವಾದ ಮಾಡುತ್ತಲೇ ಇದ್ದರು.