ಗಿಡದ ಎದೆಯ ಮಟ್ಟ

ಮಾಸ್ತರರ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಕೊಂಕಣದಲ್ಲಿ ಸಮುದ್ರದ ನೀರು ಒಳನುಗ್ಗುವ ಖಾಡಿಯ ಕೆಸರಿನಲ್ಲಿ ಚಿಪ್ಪು ಕೊಯ್ದು ಹೋದದ್ದು ಮತ್ತೆ ಬರಲೇ ಇಲ್ಲ. ಧಾರವಾಡದ ಕಡೆಯವರು, ಪುಣೆಯಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿ ನಮ್ಮದೇ ಕಟ್ಟಡದ ಎರಡನೇ ಮಹಡಿಯಲ್ಲಿದ್ದರು. ಸಮುದ್ರವೇ ಇಲ್ಲದ ಈ ಊರಿನಲ್ಲಿ ಅಡುಗೆಮನೆಯ ಬಾಗಿಲ ಮೇಲೆ ದಿನಾ ಸೀಮೆಸುಣ್ಣದಲ್ಲಿ ಉಬ್ಬರ-ಇಳಿತದ ಹೊತ್ತು ಬರೆಯುತ್ತಿದ್ದರು. ಊಟದ ನಡುವೆ ಅತ್ತ ನೋಡಿ, "ಈಗ ನೀರು ಇಳೀಲಿಕ್ಕೆ ಹತ್ತಿರತದ" ಎನ್ನುವರು. ಅವರ ಹೆಂಡತಿ ಇನ್ನೊಂದು ಭಕ್ರಿ ಬಡಿಸುತ್ತಿದ್ದರು.

ಆ ಖಾಡಿಯ ದಂಡೆಯಲ್ಲೊಂದು ಹಳ್ಳಿ. ಅಲ್ಲಿನ ಹೆಂಗಸರು ಉಪ್ಪುನೀರಿನ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡಿಗೆ ಕೊಡಲಿ ಬೀಳದಂತೆ ಕಾಯುತ್ತಿದ್ದರು, ಬರಿದಾದಲ್ಲಿ ಸಸಿ ನೆಡುತ್ತಿದ್ದರು. ಗಿಡಗಳು ಹಿಡಿದಿಟ್ಟ ಇಂಗಾಲಕ್ಕೆ ದೂರದ ಕಂಪನಿಗಳು ಕೊಡುವ ಕಾರ್ಬನ್ ಕ್ರೆಡಿಟ್ ದುಡ್ಡಿನಲ್ಲೇ ಕಾವಲಿನವರ ಪಗಾರ ನಡೆಯಬೇಕು. ಇಂಗಾಲದ ಲೆಕ್ಕಕ್ಕೆ ಆ ಹೆಂಗಸರಿಂದ ಗಿಡಗಳ ಸುತ್ತಳತೆ ತೆಗೆಸಿ ವರದಿ ಬರೆಯುವ ಕೆಲಸ ನನ್ನದು. ನಾನೋ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೆಟ್ಟಿಲಿಂದ ಎರಡು ಸಲ ವಾಪಸು ಹೋಗುವವಳು.

ಆ ಲೆಕ್ಕದ ತಪಾಸಣೆಯವರು ಸೋಮವಾರ ಬರುವವರಿದ್ದರು. ಗುರುವಾರ ಮಾಸ್ತರರಿಗೆ ಅಳತೆಯ ಫೋಟೋಗಳನ್ನು ತೋರಿಸಿದೆ. ಅವರ ಚಹಾ ತಣ್ಣಗಾಯಿತು.

"ಟೇಪು ಎಲ್ಲಿ ಸುತ್ತೀಯವಾ?"

"ಎದೆ ಮಟ್ಟಕ್ಕ, ಸರ್. ಎಲ್ಲಾ ಕಾಡಿನಾಗೂ ಹಂಗೇ ಅಲ್ಲೇನ್ರಿ?"

"ಅದು ನಿನ್ನ ಎದಿ. ಈ ಗಿಡದ ಎದಿ ಇನ್ನೂ ಮ್ಯಾಲ ಅದ."

ಕಾಂಡದಿಂದ ಕಮಾನಾಗಿ ಇಳಿದ ಬೇರುಗಳ ಮೇಲೆ ನಿಲ್ಲುವ ಗಿಡ ಅದು. ಕಾಂಡ ಅಳೆಯಬೇಕಾದದ್ದು ಎಲ್ಲಕ್ಕಿಂತ ಮೇಲಿನ ಬೇರು ಹೊರಡುವ ಜಾಗಕ್ಕಿಂತಲೂ ಮೇಲೆ. ನಾನು ಬೇರುಗಳನ್ನೂ ಸೇರಿಸಿ ಸುತ್ತಿಸಿದ್ದೆ. ಇಂಗಾಲದ ಲೆಕ್ಕವೆಲ್ಲ ಉಬ್ಬಿ ಕೂತಿತ್ತು. ತಪಾಸಣೆಯವರು ಎಲ್ಲ ಗಿಡ ನೋಡಲಿಕ್ಕಿಲ್ಲ ಎಂದು ಗೊಣಗಿದೆ. ಹಾಗೆ ಅಂದದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಅವರು ಬಯ್ಯಲಿಲ್ಲ, ಬಾಗಿಲ ಮೇಲಿನ ಸೀಮೆಸುಣ್ಣದ ಬರಹ ನೋಡಿದರು.

"ನಾಳೆ ಇಳಿತ ಹನ್ನೊಂದೂವರಿಗೆ ಅದ. ನಸುಕಿನ್ಯಾಗ ಹೊರಡೋಣು."

ಹೃದಯ ದುರ್ಬಲವಾಗಿದೆ, ನೀರಿಗೆ ಇಳಿಯಬೇಡಿ ಎಂದು ಡಾಕ್ಟರು ಅವರಿಗೆ ಖಡಾಖಂಡಿತವಾಗಿ ಹೇಳಿದ್ದರು. ಘಾಟಿನ ತಿರುವುಗಳಲ್ಲೆಲ್ಲ ನನಗೆ ಎರಡೇ ಯೋಚನೆ: ಅವರ ಎದೆ, ಆ ಹೆಂಗಸರ ಮುಖ. ದಂಡೆಯಲ್ಲಿ ಎಲ್ಲರೂ ಸೇರಿದಾಗ ಮಾಸ್ತರರೇ ಮಾತಾಡುತ್ತಾರೆ ಎಂದುಕೊಂಡಿದ್ದೆ. ಅವರು ಪ್ಯಾಂಟು ಮಡಚುತ್ತ, "ನೀನೇ ಹೇಳವಾ" ಎಂದರು. ಮುರುಕು ಮರಾಠಿಯಲ್ಲಿ, ಅಳತೆ ತಪ್ಪಿದೆ, ತಪ್ಪು ನನ್ನದು ಎಂದೆ.

ಗುಂಪಿನ ಹಿರಿಯಳು ಸೆರಗು ಸಿಕ್ಕಿಸಿಕೊಳ್ಳುತ್ತ ಮರಾಠಿಯಲ್ಲಿ ಅಂದದ್ದು ಇಷ್ಟು: "ಸೊಂಟ ಬಿಟ್ಟು ಕಾಲು ಅಳೀತಿದ್ದಾರಲ್ಲ ಅಂತ ಮೊದಲನೇ ದಿನಾನೇ ಅನ್ನಿಸಿತ್ತು, ಮ್ಯಾಡಂ. ನೀವು ಓದಿದವರು, ಅದಕ್ಕೇ ಸುಮ್ಮನಿದ್ದೆವು."

ಮಾಸ್ತರರು ನನ್ನತ್ತ ನೋಡಿದರು. "ಕೇಳಿದ್ದರ ಹೇಳತಿದ್ದರು" ಎಂದಷ್ಟೇ ಅಂದು ಕೆಸರಿಗೆ ಇಳಿದರು.

ಮೂರು ದಿನ, ನೀರು ಬಿಟ್ಟುಕೊಟ್ಟಷ್ಟು ಹೊತ್ತು, ಎಲ್ಲವನ್ನೂ ಮತ್ತೆ ಅಳೆದೆವು. ಕೊನೆಯ ದಿನ ಉಬ್ಬರ ತಿರುಗಿ ನೀರು ಅವರ ಸೊಂಟಕ್ಕೆ ಬಂತು. ಅವರ ಉಸಿರು ದಂಡೆಯವರೆಗೆ ಕೇಳುತ್ತಿತ್ತು.

"ಸರ್, ಸಾಕ್ರಿ. ಮ್ಯಾಲ ಬರ್ರಿ."

"ಇನ್ನೆರಡು ಗಿಡ ಅದಾವ."

ಆ ಎರಡು ಗಿಡಗಳಷ್ಟು ಉದ್ದದ ಹೊತ್ತನ್ನು ನಾನು ಇನ್ನೆಲ್ಲೂ ಕಳೆದಿಲ್ಲ.

ಅಂಕಿ ಇಳಿಯಿತು, ದುಡ್ಡೂ ಕಡಿಮೆಯಾಯಿತು. ಆದರೆ ತಪಾಸಣೆಯಲ್ಲಿ ಹಳ್ಳಿ ಪಾಸಾಯಿತು. ಕಾವಲು ನಿಲ್ಲಲಿಲ್ಲ. ಮಾಸ್ತರರು ಮಾತ್ರ ಮುಂದಿನ ಮಳೆಗಾಲ ಕಾಣಲಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ.

ಈಗ ಹೊಸ ಊರಿಗೆ ಹೋದಾಗ ನಾನು ಮೊದಲು ಏನನ್ನೂ ಕಲಿಸುವುದಿಲ್ಲ. ಟೇಪನ್ನು ಅಲ್ಲಿನ ಹೆಂಗಸರ ಕೈಗೆ ಕೊಟ್ಟು, "ಇದನ್ನು ಎಲ್ಲಿ ಸುತ್ತುತ್ತೀರಿ?" ಎಂದು ಕೇಳಿ ಸುಮ್ಮನಾಗುತ್ತೇನೆ. ಅವರು ಉತ್ತರ ಹೇಳುವವರೆಗೆ ನನ್ನ ಎದೆ ಇಂದಿಗೂ ಹೊಡೆದುಕೊಳ್ಳುತ್ತದೆ.