ದೇವರಾಜ್ ಜೋಡಿಸಿಟ್ಟ ಫೋಲ್ಡರ್‌ಗಳು

ಬೆಳಗಿನ ಐದು ಗಂಟೆ. ಬಿಡದಿ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗ ಕಾರ್ಖಾನೆಯ ಮಹಡಿ ಕೋಣೆಯಲ್ಲಿ ದೇವರಾಜ್ ಒಬ್ಬರೇ ಕೂತಿದ್ದಾರೆ. ಮೌಸ್ ಎಡಗೈಯಲ್ಲಿದೆ. ಫೈಲ್ ಮ್ಯಾನೇಜರ್‌ನಲ್ಲಿ ಒಂದು ಬುಕ್‌ಮಾರ್ಕ್ ಒತ್ತಿದರೆ ನಾಲ್ಕು ಫೋಲ್ಡರ್‌ಗಳು ನಾಲ್ಕು ಟ್ಯಾಬ್‌ಗಳಾಗಿ ಒಟ್ಟಿಗೇ ತೆರೆದುಕೊಳ್ಳುತ್ತವೆ: ನಕ್ಷೆ, ಅಳತೆಪಟ್ಟಿ, ಹಿಂದೆ ಕೆಟ್ಟ ತುಂಡುಗಳ ಫೋಟೊ, ತಪಾಸಣೆಯ ವರದಿ. ಒಂದೊಂದು ಬಿಡಿಭಾಗಕ್ಕೆ ಒಂದರಂತೆ ಇಂಥ ಇಪ್ಪತ್ತೆರಡು ಗುಂಪುಗಳಿವೆ. ಆರು ಗಂಟೆಯ ಪಾಳಿಗೆ ಮೊದಲು ಅಷ್ಟರ ಪ್ರಿಂಟೂ ಕೆಳಗಿನ ಮಷೀನುಗಳಿಗೆ ಹೋಗಬೇಕು.

ಕೈಲಾಂಚದ ದೇವರಾಜ್ ಮೊದಲು ಕೆಳಗೆ ತಗಡು ಒತ್ತುವ ಪ್ರೆಸ್ ಮಷೀನಿನಲ್ಲೇ ಇದ್ದವರು. ೨೦೦೪ರಲ್ಲಿ ಅದೇ ಮಷೀನು ಬಲಗೈಯ ಎರಡು ಬೆರಳು ತೆಗೆಯಿತು. ಆಮೇಲೆ ಕಂಪನಿ ಮಹಡಿಗೆ ಹಾಕಿತು.

“ಎಂಬತ್ತೆಂಟು ಫೋಲ್ಡರು ಸಾರ್, ಒಂದೊಂದೇ ಹುಡುಕಿ ತೆಗೀಬೇಕಿತ್ತು. ಎಡಗೈಲಿ ಕ್ಲಿಕ್ಕೇ ಬರ್ತಿರ್ನಿಲ್ಲ. ಅಷ್ಟರಲ್ಲಿ ಕರೆಂಟ್ ಹೋದ್ರೆ ಎಲ್ಲಾ ಮುಚ್ಕೊಂಡ್ಬುಡೋದು. ಅತ್ತಿದ್ದೂ ಐತೆ.”

ತೆರೆದ ಟ್ಯಾಬ್‌ಗಳನ್ನೆಲ್ಲ ಒಂದೇ ಬುಕ್‌ಮಾರ್ಕ್ ಆಗಿ ಉಳಿಸಬಹುದೆಂದು ಅವರಿಗೆ ಯಾರೂ ಹೇಳಿಕೊಡಲಿಲ್ಲ. ಒಂದು ಭಾನುವಾರ ಒಬ್ಬರೇ ಬಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಮೆನುವಿನ ಒಂದೊಂದು ಸಾಲನ್ನೂ ಒತ್ತಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಹೇಳಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ.

ಹೋದ ವರ್ಷ ಅದೇ ಗುಂಪುಗಳಲ್ಲೊಂದು ಅವರಿಗೆ ಕೈಕೊಟ್ಟಿತು. ಒಂದು ಬ್ರಾಕೆಟ್ಟಿನ ವಿನ್ಯಾಸ ಬದಲಾಗಿ ಹೊಸ ನಕ್ಷೆ ಬೇರೆ ಫೋಲ್ಡರ್‌ಗೆ ಹೋಗಿತ್ತು. ಬುಕ್‌ಮಾರ್ಕ್ ಮಾತ್ರ ಹಳೆಯದನ್ನೇ ತೆರೆದಿತ್ತು. ಪ್ರಿಂಟ್ ಕೆಳಗೆ ಹೋದ ಮೇಲೆ ದೇವರಾಜ್‌ಗೆ ನಕ್ಷೆಯ ಹಳೆಯ ತಾರೀಕು ಕಣ್ಣಿಗೆ ಬಿತ್ತು. ಫೋನ್ ಮಾಡಿದರೆ ಮಷೀನಿನ ಸದ್ದಿನಲ್ಲಿ ಯಾರೂ ಎತ್ತಲಿಲ್ಲ. ಬೆರಳು ಹೋದ ಮೇಲೆ ಕಾಲಿಡದಿದ್ದ ಕೆಳಗಿನ ಶಾಪ್‌ಫ್ಲೋರಿಗೆ ಓಡಿದರು. ಪ್ರೆಸ್‌ನಲ್ಲಿ ಹಳೆಯ ಜೊತೆಗಾರ ಮನೋಹರ್ ಇದ್ದರು.

“ನಿಲ್ಸು ಕಣ್ಲಾ! ನಕ್ಷೆ ತಪ್ಪೈತೆ!”

ಎಂಟು ತುಂಡು ಆಗಿಹೋಗಿತ್ತು. ಇನ್ನೆರಡು ಸಾವಿರ ಆಗಬೇಕಿತ್ತು. ಸೂಪರ್‌ವೈಸರ್ ಕೇಳುವ ಮೊದಲೇ “ನಂದೇ ತಪ್ಪು ಸಾರ್” ಎಂದರು. ಎಚ್ಚರಿಕೆಯ ಪತ್ರ ಬಂತು. ಉಳಿಸಿದ ಎರಡು ಸಾವಿರದ ಮಾತು ಅದರಲ್ಲಿ ಇರಲಿಲ್ಲ. ಅಂದಿನಿಂದ ದಿನಾ ಅರ್ಧ ಗಂಟೆ ಮುಂಚೆ ಬಂದು ಎಂಬತ್ತೆಂಟು ಟ್ಯಾಬ್‌ಗಳ ತಾರೀಕನ್ನೂ ನೋಡುತ್ತಾರೆ. ಬದಲಾಗಿದ್ದರೆ ಆ ಗುಂಪನ್ನು ಹೊಸದಾಗಿ ಉಳಿಸುತ್ತಾರೆ.

“ಅವತ್ತು ಮನೋಹರ ನನ್ ಕೈ ಹಿಡ್ಕೊಂಡು, ‘ಎಲ್ಲಿದ್ಯೋ ಇಷ್ಟು ದಿನ’ ಅಂದ. ಮೇಲೇ ಇದ್ದೆ ಕಣ್ಲಾ ಅಂದೆ.”

ಸಂಬಳ ಹೆಚ್ಚಬೇಕೇ ಎಂದರೆ ಬೇಡವೆಂದು ತಲೆ ಅಲ್ಲಾಡಿಸುತ್ತಾರೆ. ಕ್ಯಾಂಟೀನಿನಲ್ಲಿ ಆಫೀಸಿನವರ ಬೆಂಚು ಬೇರೆ, ಕೆಳಗಿನವರದು ಬೇರೆ. ಮಹಡಿಯ ಕೆಲಸದವರೆಂದು ದೇವರಾಜ್ ಕೂರಬೇಕಾದ ಆಫೀಸಿನ ಬೆಂಚಿನಲ್ಲಿ ಅವರ ಪಕ್ಕ ಯಾರೂ ಕೂರುವುದಿಲ್ಲ.

“ಪ್ರೆಸ್ಸಿನೋರ ಜೊತೆ ಮುದ್ದೆ ಉಣ್ಣಕ್ಕೆ ಬುಟ್ರೆ ಸಾಕು ಸಾರ್. ಒಸಿ ಮಾತಾಡ್ಬೋದು.”